ಕಾಗದ ಮಾರಿ, ಚಿತ್ರ ಉಳಿಸಿಕೊಳ್ಳಿ: ವ್ಯಂಗ್ಯಚಿತ್ರದ ಒರಿಜಿನಲ್, ಹಳೇ ಕಾಮಿಕ್ಸ್ ಮಾರೋದು ಹೇಗೆ

ವ್ಯಂಗ್ಯಚಿತ್ರ ಬರೆಯೋರ ಮನೆ ಅಟ್ಟದಲ್ಲಿ ಎರಡು ಬಗೆಯ ಸರಕು ಇರುತ್ತೆ. ಪತ್ರಿಕೆಗೆ ಕೊಟ್ಟು, ಅಚ್ಚಾದ ಮೇಲೆ ವಾಪಸ್ ತಂದಿಟ್ಟ ಒರಿಜಿನಲ್‌ಗಳು ಒಂದು ಕಡೆ. ಸ್ವಂತ ದುಡ್ಡಲ್ಲಿ ಜೆರಾಕ್ಸ್ ಮಾಡಿಸಿ, ಮಡಚಿ, ಪಿನ್ ಹೊಡೆದು, ಅಷ್ಟಿಷ್ಟು ಹಂಚಿ ಉಳಿದ ಸಣ್ಣ ಕಾಮಿಕ್ಸ್ ಪುಸ್ತಕಗಳು ಇನ್ನೊಂದು ಕಡೆ. ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ರೂಮಲ್ಲಿ ಕೂತು ನಾನು ಇವೆರಡನ್ನೂ ಮಾರ್ತೀನಿ. ಇದರಿಂದ ಮನೆ ನಡೆಯಲ್ಲ. ಕರೆಂಟ್ ಬಿಲ್ಲು, ಇಂಕು, ಕಾಗದ, ಮುಂದಿನ ಪುಸ್ತಕದ ಮುದ್ರಣದ ಖರ್ಚು, ಇಷ್ಟು ಹುಟ್ಟುತ್ತೆ. ದೃಶ್ಯಕಲಾ ಮಹಾವಿದ್ಯಾಲಯದ ಹುಡುಗರು ಬಂದು "ಮೇಡಂ, ಹೆಂಗ್ ಮಾರ್ತೀರಿ, ನಮಗೂ ಹೇಳ್ರಿ" ಅಂತಾರೆ. ಅವರಿಗೆ ಹೇಳೋದನ್ನೇ ಇಲ್ಲಿ ಬರೆದಿದ್ದೀನಿ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಒರಿಜಿನಲ್ ಮಾರುವಾಗ ನೀವು ಕೊಡೋದು ಒಂದು ಕಾಗದವನ್ನ. ಅದರ ಮೇಲಿನ ಚಿತ್ರ ನಿಮ್ಮದಾಗೇ ಉಳಿಯುತ್ತೆ. ಮುಂದೆ ಅದನ್ನ ಪುಸ್ತಕಕ್ಕೆ ಹಾಕಬಹುದು, ಟೀ ಶರ್ಟಿಗೆ ಹಾಕಬಹುದು, ಕ್ಯಾಲೆಂಡರ್ ಮಾಡಬಹುದು. ಹಾಗಾಗಿ ಕೊಳ್ಳೋರಿಗಾಗಿ ಕಾಗದವನ್ನ ಕಾಪಾಡಬೇಕು, ನಿಮಗಾಗಿ ಚಿತ್ರದ ದಾಖಲೆ ಇಟ್ಕೋಬೇಕು. ಉಳಿದ ಕೆಲಸ ಎಲ್ಲ ಈ ಎರಡರ ಸುತ್ತಲೇ.

ಅಟ್ಟದಿಂದ ಇಳಿಸಿ, ವಿಂಗಡಿಸಿ

ಬೇಸಿಗೆಯಲ್ಲಿ ಮಾಡಿ. ನಮ್ಮೂರಿನ ಒಣ ಹವೆ ಜನಕ್ಕೆ ಕಷ್ಟ, ಕಾಗದಕ್ಕೆ ಒಳ್ಳೇದು. ಜುಲೈ, ಆಗಸ್ಟಲ್ಲಿ ಗಂಟು ಬಿಚ್ಚಿದರೆ ಹಾಳೆಗಳು ತೇವ ಎಳ್ಕೊಂಡು ಸುರುಳಿ ಸುತ್ತುತ್ತವೆ. ನೆರಳಲ್ಲಿ ಚಾಪೆ ಹಾಸಿ, ಒಂದೊಂದಾಗಿ ಬಿಡಿಸಿ ಇಡಿ. ಬಿಸಿಲಿಗೆ ಮಾತ್ರ ಒಡ್ಡಬೇಡಿ.

ಮಾರೋ ಗುಡ್ಡೆ, ಮಾರಬಾರದ ಗುಡ್ಡೆ, ಮಾರಲಾಗದ ಗುಡ್ಡೆ ಅಂತ ಮೂರು ಮಾಡಿ. ಮಾರಬಾರದ್ದು ಯಾವುದು ಅಂತ ನಿಮ್ಮ ಮನಸ್ಸಿಗೇ ಗೊತ್ತು: ಮೊದಲು ಅಚ್ಚಾದದ್ದು, ಅಪ್ಪನ ಮುಖ ಇರೋದು, ಅಂಥವು. ಅವನ್ನ ಬೇರೆ ಫೈಲಿಗೆ ಹಾಕಿ, ಮೇಲೆ ಬರೆದೇ ಇಡಿ. ದುಡ್ಡಿನ ಅಡಚಣೆ ಬಂದ ದಿನ ಕೈ ಮೊದಲು ಹೋಗೋದು ಅದೇ ಫೈಲಿಗೆ.

ಮಾರಲಾಗದ್ದು ಅಂದ್ರೆ ಬಣ್ಣ ಹಾರಿಹೋದದ್ದು. ಇಂಡಿಯನ್ ಇಂಕ್ ಇಂಗಾಲದ ಕಪ್ಪು, ಅದು ಹಾರಲ್ಲ. ಸ್ಕೆಚ್ ಪೆನ್ನು, ಸ್ಪಿರಿಟ್ ಮಾರ್ಕರು, ಬಾಲ್ ಪೆನ್ನು ಇವೆಲ್ಲ ಡೈ ಬಣ್ಣದವು. ಬೆಳಕು ಬಿದ್ದಷ್ಟೂ ಮಂಕಾಗುತ್ತವೆ. ಪ್ರೆಸ್ಸಲ್ಲಿ ಕತ್ತರಿಸಿ ಉಳಿದ ನ್ಯೂಸ್‌ಪ್ರಿಂಟ್ ತುಂಡಿನ ಮೇಲೆ ಬರೆದದ್ದಿದ್ದರೆ ಅದು ಈಗಾಗಲೇ ಕಂದು ತಿರುಗಿ ಮುರಿಯೋ ಹಾಗಾಗಿರುತ್ತೆ. ಮರದ ತಿರುಳಲ್ಲಿರೋ ಲಿಗ್ನಿನ್ ತೆಗೆಯದೆ ಆ ಕಾಗದ ಮಾಡ್ತಾರೆ, ಅದಕ್ಕೇ ಹಂಗೆ. ಇವನ್ನ ಮಾರಲೇಬಾರದು ಅಂತಿಲ್ಲ. "ಬಣ್ಣ ಮಂಕಾಗಿದೆ, ಇನ್ನೂ ಆಗುತ್ತೆ" ಅಂತ ಹೇಳಿ, ಕಡಿಮೆ ಬೆಲೆಗೆ ಕೊಡಿ. ಹೇಳದೆ ಕೊಟ್ಟರೆ ಅದು ಮೋಸ.

ಇನ್ನೊಂದು ಮಾತು. ಒರಿಜಿನಲ್ ಹಾಳೆ ಮೇಲೆ ಪೆನ್ಸಿಲ್ ಗೆರೆ ಉಳಿದಿರುತ್ತೆ, ತಪ್ಪಿದ ಮೂಗಿನ ಮೇಲೆ ವೈಟ್ನರ್ ಬಳಿದಿರುತ್ತೀರಿ, ಅಂಚಲ್ಲಿ ಪತ್ರಿಕೆಯ ಡೆಸ್ಕಿನವರು "2 ಕಾಲಂ, ಇವತ್ತೇ" ಅಂತ ನೀಲಿ ಪೆನ್ಸಿಲಲ್ಲಿ ಗೀಚಿರುತ್ತಾರೆ. ಹೊಸಬರು ಇದನ್ನೆಲ್ಲ ರಬ್ಬರ್ ತಗೊಂಡು ಉಜ್ಜಿ, ಅಂಚು ಕತ್ತರಿಸಿ "ಕ್ಲೀನ್" ಮಾಡ್ತಾರೆ. ದಯವಿಟ್ಟು ಬೇಡ. ಅಚ್ಚಾದ ಚಿತ್ರ ಎಲ್ಲರ ಹತ್ರ ಇದೆ. ಕೊಳ್ಳೋರು ದುಡ್ಡು ಕೊಡೋದೇ ಅಚ್ಚಲ್ಲಿ ಕಾಣದ ಈ ಗುರುತುಗಳಿಗೆ. ನನ್ನ ಗಿರಾಕಿಯೊಬ್ಬರು ಚಿತ್ರ ನೋಡೋ ಮುಂಚೆ ಹಾಳೆ ತಿರುವಿ ಬೆನ್ನು ನೋಡ್ತಾರೆ, ಪತ್ರಿಕೆಯ ತಾರೀಕಿನ ಮೊಹರು ಇದೆಯಾ ಅಂತ. ಇದ್ದರೆ ಚೌಕಾಸಿಯೇ ಮಾಡಲ್ಲ.

ಹಕ್ಕು ಯಾರದ್ದು

ಇದು ಬೇಜಾರಿನ ಭಾಗ ಅನ್ನಿಸಬಹುದು, ಆದರೆ ಹಾರಿಸಬೇಡಿ.

ನಮ್ಮಲ್ಲಿ ನಡೆಯೋದು 1957ರ ಕೃತಿಸ್ವಾಮ್ಯ ಕಾಯ್ದೆ. ಬರೆದವರೇ ಮೊದಲ ಹಕ್ಕುದಾರರು ಅನ್ನೋದು ಸಾಮಾನ್ಯ ನಿಯಮ. ಸಂಬಳಕ್ಕಿದ್ದು ಪತ್ರಿಕೆಗಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಪತ್ರಿಕೆಯಲ್ಲಿ ಪ್ರಕಟಿಸೋ ಹಕ್ಕು ಮಾಲೀಕರದ್ದು, ಉಳಿದದ್ದು ನಿಮ್ಮದು. ಬಿಡಿಬಿಡಿಯಾಗಿ ಬರೆದುಕೊಟ್ಟು ಗೌರವಧನ ತಗೊಂಡಿದ್ದರೆ ಹಕ್ಕು ನಿಮ್ಮದೇ. ಹಾಳೆ ಯಾರದ್ದು ಅನ್ನೋದು ಬೇರೆ ಪ್ರಶ್ನೆ. ಆಫೀಸಿನ ಕಪಾಟಲ್ಲಿ ಉಳಿದಿದ್ದರೆ ಕೇಳಿ, ಬರವಣಿಗೆಯಲ್ಲಿ ವಾಪಸ್ ತಗೊಳ್ಳಿ. ಸಂಪಾದಕರು ಬದಲಾಗೋ ಮುಂಚೆ ಕೇಳೋದು ವಾಸಿ.

ಜನ ಎಡವೋದು ಎಲ್ಲಿ ಅಂದ್ರೆ ಆರ್ಡರ್ ಚಿತ್ರಗಳಲ್ಲಿ. ನಿವೃತ್ತಿಗೆ, ಮದುವೆಗೆ, ಹುಟ್ಟುಹಬ್ಬಕ್ಕೆ ಕ್ಯಾರಿಕೇಚರ್ ಬರೆಸ್ತಾರಲ್ಲ, ಅಂಥ ದುಡ್ಡು ಕೊಟ್ಟು ಬರೆಸಿದ ಭಾವಚಿತ್ರದ ಮೊದಲ ಹಕ್ಕು, ಬೇರೆ ಮಾತಾಗದಿದ್ದರೆ, ಬರೆಸಿದವರದ್ದೇ. ಮುಂದೆ ನಿಮ್ಮ ಪುಸ್ತಕದಲ್ಲಿ ಹಾಕ್ಕೋಬೇಕು ಅಂತಿದ್ದರೆ ಮುಂಗಡ ತಗೊಳ್ಳೋವಾಗಲೇ ಒಂದು ಸಾಲು ಬರೆಸ್ಕೊಳ್ಳಿ. ವಾಟ್ಸಾಪ್ ಮೆಸೇಜ್ ಆದರೂ ಇರಲಿ, ಬಾಯಿ ಮಾತಿಗಿಂತ ಮೇಲು.

ಒರಿಜಿನಲ್ ಮಾರಿದ ಮಾತ್ರಕ್ಕೆ ಕೃತಿಸ್ವಾಮ್ಯ ಹೋಗಲ್ಲ. ಅದನ್ನ ವರ್ಗಾಯಿಸಬೇಕಾದರೆ ಬರವಣಿಗೆಯಲ್ಲಿ, ಸಹಿ ಹಾಕಿ ಕೊಡಬೇಕು. ಕೊಳ್ಳೋರಿಗೆ ಇದು ಗೊತ್ತಿರಲ್ಲ, ಅದಕ್ಕೇ ರಸೀದಿ ಮೇಲೆ ನಾನು ಹೀಗೆ ಬರೀತೀನಿ:

"ಈ ಹಾಳೆಯ ಮೇಲೆ ಕೈಯಿಂದ ಬರೆದ ಮೂಲ ಚಿತ್ರವನ್ನು ಮಾತ್ರ ಮಾರಲಾಗಿದೆ. ಇಟ್ಟುಕೊಳ್ಳಲು, ಗೋಡೆಗೆ ಹಾಕಲು, ಮರುಮಾರಾಟ ಮಾಡಲು ಕೊಂಡವರಿಗೆ ಪೂರ್ತಿ ಹಕ್ಕಿದೆ. ಪ್ರತಿ ಮಾಡುವ, ಮುದ್ರಿಸುವ, ಜಾಹೀರಾತಿಗೆ ಬಳಸುವ ಹಕ್ಕು ಕಲಾವಿದರಲ್ಲೇ ಉಳಿದಿದೆ."

ಇದರ ಕೆಳಗೆ ಚಿತ್ರದ ವಿವರ, ತಾರೀಕು, ಸಹಿ. ದೋಸೆ ಹೋಟೆಲಿನವರೊಬ್ಬರು ಬೆಣ್ಣೆ ದೋಸೆ ಸಾಲಿನ ಮೇಲೆ ನಾನು ಬರೆದ ಒಂದು ಚಿತ್ರ ಕೊಂಡ್ಕೊಂಡು, ರಸೀದಿ ಓದಿ, "ಅಲ್ರೀ ಮೇಡಂ, ಮೆನು ಕಾರ್ಡಿಗೆ ಹಾಕ್ಬೇಕಂದ್ರೆ ಏನ್ ಮಾಡ್ಬೇಕು?" ಅಂತ ಕೇಳಿದರು. ಅದಕ್ಕೆ ಬೇರೆ ಚೀಟಿ, ಬೇರೆ ದುಡ್ಡು. ಅಂಥ ಚೀಟಿಯಲ್ಲಿ ಎಷ್ಟು ವರ್ಷ, ಯಾವ ಊರಿಗೆ ಅಂತ ನಮೂದಿಸಿ. ಅವಧಿ ಬರೆಯದಿದ್ದರೆ ಕಾಯ್ದೆ 5 ವರ್ಷ ಅಂತ ಹಿಡಿಯುತ್ತೆ, ಜಾಗ ಬರೆಯದಿದ್ದರೆ ಇಡೀ ಭಾರತ ಅಂತ.

ಅದೇ ಕಾಯ್ದೆಯ 53ಎ ಕಲಂ ಓದಿ, ಖುಷಿ ಆಗುತ್ತೆ. ನಿಮ್ಮ ಚಿತ್ರ ಮುಂದೆ ಯಾರೋ ಇನ್ಯಾರಿಗೋ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟ ಮಾಡಿದರೆ ಅದರಲ್ಲಿ ಪಾಲು ಕೇಳೋ ಹಕ್ಕು ಮೂಲ ಕಲಾವಿದರಿಗಿದೆ, ಗರಿಷ್ಠ ಶೇ 10. ದಾವಣಗೆರೆಯ ವ್ಯಂಗ್ಯಚಿತ್ರಕ್ಕೆ ಆ ಯೋಗ ಯಾವಾಗ ಬರುತ್ತೋ, ಆದರೆ ಯಾರ ಕೈಗೆ ಯಾವ ಹಾಳೆ ಹೋಯ್ತು ಅಂತ ಬರೆದಿಡೋಕೆ ಇದೂ ಒಂದು ಕಾರಣ.

ಕೊಡೋ ಮುಂಚೆ ಸ್ಕ್ಯಾನ್

ದುಡ್ಡು ಬಂದ ಮೇಲೆ ಸ್ಕ್ಯಾನ್ ಮಾಡೋಣ ಅಂದ್ಕೋಬೇಡಿ. ಗಿರಾಕಿ ಬಾಗಿಲಲ್ಲಿ ನಿಂತಿರ್ತಾರೆ, ಗಡಿಬಿಡಿ ಆಗುತ್ತೆ. ಮಾರೋ ಗುಡ್ಡೆಗೆ ಹಾಕುವಾಗಲೇ ಮುಗಿಸಿ. ಕಪ್ಪು ಗೆರೆಯ ಚಿತ್ರಕ್ಕೆ 600 ಡಿಪಿಐ (ಅಂದ್ರೆ ಇಂಚಿಗೆ ಅಷ್ಟು ಚುಕ್ಕಿ), ಬಣ್ಣದ್ದಕ್ಕೆ 300 ಸಾಕು, ದೊಡ್ಡದು ಮಾಡಿ ಮುದ್ರಿಸೋ ಆಸೆ ಇದ್ದರೆ ಅದಕ್ಕೂ 600. ಟಿಫ್ ಫೈಲಾಗಿ ಉಳಿಸಿ. ಜೆಪೆಗ್ ಪ್ರತಿಸಲ ತಿದ್ದಿ ಉಳಿಸಿದಾಗ ಗೆರೆ ಅಂಚು ಸ್ವಲ್ಪ ಸ್ವಲ್ಪ ಕೆಡುತ್ತೆ. ಎ3 ಹಾಳೆಗೆ ಎ4 ಸ್ಕ್ಯಾನರ್ ಇದ್ದರೆ ಎರಡು ಭಾಗ ಮಾಡಿ, ನಡುವೆ ನಾಕು ಬೆರಳಷ್ಟು ಒಂದರ ಮೇಲೊಂದು ಬರೋ ಹಾಗೆ ಹಿಡಿದು, ಕಂಪ್ಯೂಟರಲ್ಲಿ ಜೋಡಿಸಿ. ಮೊಬೈಲ್ ಫೋಟೋ ದಾಖಲೆ ಆಗಲ್ಲ. ಬೆನ್ನನ್ನೂ ಸ್ಕ್ಯಾನ್ ಮಾಡಿ, ಮೊಹರು ಅಲ್ಲೇ ಇರೋದು.

ಜೊತೆಗೆ ಒಂದು ನೋಟ್‌ಬುಕ್. ನನ್ನದು ಅಂಗಡಿಗಳಲ್ಲಿ ಖಾತೆ ಬರೆಯೋ ಉದ್ದ ಪುಸ್ತಕ, ಮಂಡಿಪೇಟೆ ಕಡೆ ಯಾವ ಸ್ಟೇಷನರಿ ಅಂಗಡೀಲೂ ಸಿಗುತ್ತೆ. ನಂಬರು, ಚಿತ್ರದಲ್ಲಿ ಏನಿದೆ, ಅಳತೆ, ಯಾವ ಕಾಗದ, ಎಲ್ಲಿ ಯಾವಾಗ ಅಚ್ಚಾಯ್ತು, ಯಾರಿಗೆ ಎಷ್ಟಕ್ಕೆ ಹೋಯ್ತು. ನಂಬರನ್ನ ಹಾಳೆ ಬೆನ್ನಿಗೆ ಮೂಲೆಯಲ್ಲಿ ಪೆನ್ಸಿಲಲ್ಲಿ, ಒತ್ತದೆ ಬರೀರಿ. ಪೆನ್ನು ಬೇಡ, ಮುಂದಕ್ಕೆ ಅಚ್ಚೊತ್ತುತ್ತೆ.

ಕಾಗದದ ಶತ್ರುಗಳು

ದೊಡ್ಡ ಶತ್ರು ಗೆದ್ದಲೂ ಅಲ್ಲ, ಮಳೆಯೂ ಅಲ್ಲ, ಲ್ಯಾಮಿನೇಷನ್. ಪ್ರೀತಿಯಿಂದ ಕೊಂಡೋರು ಸೀದಾ ಜೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಟ್ ಮಾಡಿಸ್ತಾರೆ, ಮಾರ್ಕ್ಸ್ ಕಾರ್ಡಿಗೆ ಮಾಡಿಸಿದ ಹಾಗೆ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ಎಳೆಗೆ ಅಂಟಿದ ಮೇಲೆ ಬಿಡಿಸೋಕೆ ಬರಲ್ಲ, ಒರಿಜಿನಲ್ ಅಲ್ಲಿಗೆ ಮುಗೀತು. ಮಾರುವಾಗ ಬಾಯಲ್ಲೂ ಹೇಳಿ, ಕವರ್ ಮೇಲೂ ಬರೀರಿ: "ಲ್ಯಾಮಿನೇಟ್ ಮಾಡಿಸಬೇಡಿ." ನಾನು ಇದನ್ನ ಕೆಂಪಕ್ಷರದಲ್ಲೇ ಬರೆಯೋದು.

ಎರಡನೇದು ಸೆಲೋ ಟೇಪ್. ಅಂಟು ಕಾಗದಕ್ಕೆ ಇಳಿದು ಕೆಲವೇ ವರ್ಷದಲ್ಲಿ ಕಂದು ಪಟ್ಟಿ ಬೀಳುತ್ತೆ, ಟೇಪ್ ಉದುರಿದರೂ ಕಲೆ ಹೋಗಲ್ಲ. ಹರಿದ ಕಡೆ ಟೇಪ್ ಹಾಕೋ ಬದಲು ಹರಿದ ಹಾಗೇ ಕವರಿಗೆ ಹಾಕಿ. ಈಗಾಗಲೇ ಅಂಟಿರೋ ಹಳೇ ಟೇಪನ್ನ ಎಳೆಯೋಕೂ ಹೋಗಬೇಡಿ, ಇಂಕ್ ಸಮೇತ ಎದ್ದು ಬರುತ್ತೆ.

ಕವರಿನ ವಿಷಯದಲ್ಲಿ ನಮ್ಮೂರಿಗೆ ಅನುಕೂಲ ಇದೆ. ಇದು ಬಟ್ಟೆ ವ್ಯಾಪಾರದ ಊರು. ಶರ್ಟು, ಸೀರೆ ಹಾಕಿ ಕೊಡ್ತಾರಲ್ಲ, ಪಾರದರ್ಶಕ ಕವರು, ಮೇಲೆ ಅಂಟಿನ ಪಟ್ಟಿ ಇರೋದು, ಅದು ಪಾಲಿಪ್ರಾಪಿಲೀನ್. ಪ್ಯಾಕಿಂಗ್ ಸಾಮಾನಿನ ಹೋಲ್‌ಸೇಲ್ ಅಂಗಡಿಯಲ್ಲಿ "ಪಿಪಿ ಕವರ್" ಅಂತ ಕೇಳಿ, ಎಲ್ಲ ಅಳತೆಯಲ್ಲೂ ನೂರರ ಕಟ್ಟು ಸಿಗುತ್ತೆ. ಪಿವಿಸಿ ಕವರ್ ಬೇಡ. ಹೊಸ ಶವರ್ ಕರ್ಟನ್ ವಾಸನೆ ಹೊಡೆದರೆ ಅದು ಪಿವಿಸಿ ಅಂತ ತಿಳ್ಕೊಳ್ಳಿ. ಜೆರಾಕ್ಸ್ ಕಾಮಿಕ್ಸ್ ಇರೋರಿಗೆ ಇದು ಇನ್ನೂ ಮುಖ್ಯ. ಜೆರಾಕ್ಸಿನ ಕಪ್ಪು ಅಂದ್ರೆ ಪ್ಲಾಸ್ಟಿಕ್ ಪುಡಿ, ಅದು ಪಿವಿಸಿಗೆ ಅಂಟ್ಕೊಂಡು ಮುಖಪುಟದ ಅಕ್ಷರ ಕವರಿಗೆ ಹೋಗಿಬಿಡುತ್ತೆ.

ಅದೇ ಬಟ್ಟೆ ಅಂಗಡಿಗಳಲ್ಲಿ ಶರ್ಟಿನ ಒಳಗಿಡೋ ರಟ್ಟು ಧಾರಾಳ ಸಿಗುತ್ತೆ, ಕೇಳಿದರೆ ಸುಮ್ಮನೆ ಕೊಡ್ತಾರೆ. ಪೋಸ್ಟಲ್ಲಿ ಕಳಿಸುವಾಗ ಬಳಸಿ. ವರ್ಷಗಟ್ಟಲೆ ಇಡೋಕೆ ಮಾತ್ರ ಬೇಡ, ಆ ರಟ್ಟಲ್ಲೇ ಆಮ್ಲ ಇರುತ್ತೆ, ಹಾಳೆಗೆ ಹಳದಿ ಹಿಡಿಸುತ್ತೆ. ಇಡೋಕೆ ಆಮ್ಲರಹಿತ ದಪ್ಪ ಡ್ರಾಯಿಂಗ್ ಶೀಟ್ ಬೆನ್ನಿಗೆ ಕೊಡಿ.

ನುಸಿಗುಳಿಗೆ ಕಾಗದಕ್ಕೆ ತಾಗಬಾರದು. ಮಲಗೋ ಕೋಣೆಯಲ್ಲಂತೂ ಬೇಡವೇ ಬೇಡ. ಬೇವಿನ ಸೊಪ್ಪು ಹಾಕೋರು ಪೂರ್ತಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಇಡಿ, ಹಸಿ ಎಲೆ ಇಟ್ಟರೆ ತೇವ ತಂದು ಹಾಕಿದ ಹಾಗೆ. ಕಬ್ಬಿಣದ ಬೀರು ಮರದ ಪೆಟ್ಟಿಗೆಗಿಂತ ವಾಸಿ. ಕೆಳಗಿನ ಅರೆ ಖಾಲಿ ಬಿಡಿ, ಹೊರಗೋಡೆಗೆ ಆನಿಸಬೇಡಿ.

ಬೆಲೆ

ಇದೇ ಎಲ್ಲರೂ ಮೊದಲು ಕೇಳೋದು. ಸೂತ್ರ ಅಂತ ಒಂದಿಲ್ಲ. ನಾನು ನನಗೇ ಕೇಳ್ಕೊಳ್ಳೋದು ಎರಡು ಪ್ರಶ್ನೆ: ಇದನ್ನ ಇವತ್ತು ಮತ್ತೆ ಬರೆಯೋಕೆ ಎಷ್ಟು ಹೊತ್ತು ಬೇಕು? ನಾಳೆ ಇದು ಬೇರೆಯವರ ಗೋಡೆ ಮೇಲೆ ಕಂಡರೆ "ಇಷ್ಟಕ್ಕೆ ಕೊಟ್ಟೆನಲ್ಲ" ಅನ್ನಿಸುತ್ತಾ? ಸದ್ಯಕ್ಕೆ ನನ್ನ ಪಟ್ಟಿ ಹೀಗಿದೆ. ಒಂದು ಕಾಲಮ್ಮಿನ ಪಾಕೆಟ್ ಕಾರ್ಟೂನು 700 ರೂಪಾಯಿ. ಮೂರು ಕಾಲಮ್ಮಿನ ರಾಜಕೀಯ ಚಿತ್ರ 2,500. ಕಾಮಿಕ್ಸಿನ ಒಂದು ಪುಟ 3,000. ಪುಸ್ತಕದ ಮುಖಪುಟದ ಒರಿಜಿನಲ್ 6,000. ಬೆಂಗಳೂರಲ್ಲಿ ಹೆಸರು ಮಾಡಿದೋರು ಇದರ ಹತ್ತರಷ್ಟು ಕೇಳ್ತಾರೆ, ಕೇಳಲಿ. ಕಾಲೇಜು ಹುಡುಗರು 300ರಿಂದ ಶುರು ಮಾಡಿದರೂ ತಪ್ಪಿಲ್ಲ, ಸುಮ್ಮನೆ ಕೊಡೋದು ತಪ್ಪು.

ರಾಜಕಾರಣಿಗಳ ಮುಖ ಇದ್ದರೆ ಜಾಸ್ತಿ ಹೋಗುತ್ತೆ ಅನ್ನೋದು ಹೊರಗಿನವರ ಎಣಿಕೆ. ಅಧಿಕಾರ ಹೋದ ಮರುವರ್ಷ ಆ ಮುಖ ಯಾರಿಗೂ ಬೇಡ. ನನ್ನಲ್ಲಿ ಬೇಗ ಖಾಲಿಯಾಗೋದು ಊರಿನ ಚಿತ್ರಗಳು. ಅಶೋಕ ರಸ್ತೆ ರೈಲ್ವೆ ಗೇಟಿನ ಮೇಲೆ ಬರೆದದ್ದು ಯಾವುದೂ ಉಳಿದಿಲ್ಲ. ಆ ಗೇಟಿನ ಮುಂದೆ ನಿಂತು ವಯಸ್ಸು ಕಳೆದೋರು ಈಗ ಪುಣೆಯಲ್ಲೋ ದುಬೈಯಲ್ಲೋ ಇದ್ದಾರೆ, ಅವರೇ ಗಿರಾಕಿಗಳು. 1997ರಲ್ಲಿ ಚಿತ್ರದುರ್ಗದಿಂದ ಒಡೆದು ದಾವಣಗೆರೆ ಬೇರೆ ಜಿಲ್ಲೆ ಆದಾಗ, ಅಣ್ಣ ತಮ್ಮ ಪಾತ್ರೆ ಪಗಡ ಹಂಚಿಕೊಳ್ಳೋ ಚಿತ್ರ ಬರೆದಿದ್ದೆ. ಅದನ್ನ ಎರಡೂ ಊರಿನವರು ಕೇಳಿದರು. ದುರ್ಗದವರಿಗೆ ಕೊಟ್ಟೆ, ಅವರೇ ಮೊದಲು ದುಡ್ಡು ಹಾಕಿದ್ದು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗ, ಬರಗಾಲದಲ್ಲಿ ನಾನು ಬರೆದಿದ್ದ ಖಾಲಿ ಡ್ಯಾಮಿನ ಹಳೇ ಚಿತ್ರಕ್ಕೆ ಹಿರಿಯೂರಿನಿಂದ ಫೋನ್ ಬಂತು. ಹಾಗಾಗಿ "ಇದು ಹಳಸಿದ ಸುದ್ದಿ" ಅಂತ ಯಾವುದನ್ನೂ ರದ್ದಿಗೆ ಹಾಕಬೇಡಿ. ಸುದ್ದಿ ತಿರುಗಿ ಬರುತ್ತೆ.

ಚಿತ್ರದಲ್ಲಿ ಇರೋರೇ ಕೊಳ್ಳೋಕೆ ಬರೋದೂ ಉಂಟು. ಗೋಡೆಗೆ ಹಾಕ್ಕೊಂಡು ಮೆರೆಯೋಕೆ ಕೊಳ್ತಾರೋ, ಹರಿದು ಹಾಕೋಕೆ ಕೊಳ್ತಾರೋ, ನಮಗೆ ರೇಟು ಒಂದೇ. ಸ್ಕ್ಯಾನು ನಮ್ಮಲ್ಲಿದೆ.

ಚೌಕಾಸಿ ಬಗ್ಗೆ. ನಮ್ಮಲ್ಲಿ ಬದನೇಕಾಯಿಗೂ ಚೌಕಾಸಿ ಮಾಡ್ತಾರೆ, ಚಿತ್ರಕ್ಕೆ ಬಿಡ್ತಾರಾ? "ಅಕ್ಕಾ, ಎರಡು ತಗೊಂತೀನಿ, ನೋಡಿ ಹಾಕಿ" ಅಂತಾರೆ. ರೇಟು ಇಳಿಸಬೇಡಿ, ಕೊಸರು ಹಾಕಿ. ಒಂದು ಸಣ್ಣ ಕಾಮಿಕ್ಸು, ಇಲ್ಲಾ ರಸೀದಿ ಮೇಲೆ ಅವರ ಮಗೂದೊಂದು ಮುಖ. ಅವರಿಗೂ ಗೆದ್ದ ಹಾಗಾಗುತ್ತೆ, ಮುಂದಿನ ಗಿರಾಕಿಗೆ "ಅವರಿಗೆ 500ಕ್ಕೆ ಕೊಟ್ರಂತೆ" ಅನ್ನೋಕೆ ಆಗಲ್ಲ. ಊರು ಸಣ್ಣದು, ರೇಟು ಓಡಾಡುತ್ತೆ.

ಹಳೇ ಸಣ್ಣ ಕಾಮಿಕ್ಸ್

ನಾನು "ಖಾರ ಮಂಡಕ್ಕಿ" ಅಂತ ಜೆರಾಕ್ಸ್ ಕಾಮಿಕ್ಸ್ ಮಾಡ್ತಿದ್ದೆ. ಎ4 ಹಾಳೆ ನಡುವೆ ಮಡಚಿದರೆ ನಾಕು ಪುಟ, ನಾಕು ಹಾಳೆಗೆ ಹದಿನಾರು ಪುಟ, ನಡುವೆ ಎರಡು ಪಿನ್. ಆಗ 5 ರೂಪಾಯಿ, ಈಗ ಅದೇ ಪ್ರತಿ 150. ಒಂದೇ ಎ4 ಹಾಳೆಯನ್ನ ಎಂಟು ಮಡಿಕೆ ಮಾಡಿ, ನಡುವೆ ಒಂದು ಕತ್ತರಿ ಹಾಕಿ ಮಾಡೋ ಅಂಗೈಯಗಲದ ಪುಸ್ತಕಗಳೂ ಇದ್ದವು, ಅವು 60.

ಹಳೇ ಪ್ರತಿ ಮಾರುವಾಗ ಮೊದಲನೇ ಕೆಲಸ, ಯಾವುದು ಮೊದಲ ಮುದ್ರಣ, ಯಾವುದು ಆಮೇಲೆ ತೆಗೆಸಿದ್ದು ಅಂತ ಬೇರೆ ಮಾಡೋದು. ನಿಮ್ಮದೇ ಪುಸ್ತಕ ಆದರೂ ನೆನಪು ನಂಬಬೇಡಿ, ಗುರುತು ನೋಡಿ. ಪಿನ್ನಿನ ತುಕ್ಕು, ಕಾಗದದ ದಪ್ಪ, ಬೆನ್ನುಪುಟದ ಬೆಲೆ, ವಿಳಾಸದಲ್ಲಿ ಫೋನ್ ನಂಬರಿಗೆ ಎಷ್ಟು ಅಂಕಿ. ಮರುಮುದ್ರಣ ಮಾಡಿದರೆ "ಎರಡನೇ ಮುದ್ರಣ" ಅಂತ, ವರ್ಷ ಸಮೇತ, ಅದರ ಮೇಲೇ ಅಚ್ಚು ಹಾಕಿಸಿ. ಹಳೇ ಪ್ರತಿ ಕೊಂಡೋರಿಗೆ ನೀವು ತೋರಿಸೋ ಮರ್ಯಾದೆ ಅದು.

ತುಕ್ಕು ಹಿಡಿದ ಪಿನ್ ತೆಗೆದು ಹೊಸದು ಹೊಡೀಬೇಕಾ ಅಂತ ಕೇಳ್ತಾರೆ. ಮಾರೋ ಪ್ರತಿಗೆ ಬೇಡ. ಪಿನ್ ಸುತ್ತ ಕಂದು ಕಲೆ ಇದೆ ಅಂತ ಬರೆದು ಹಾಗೇ ಕೊಡಿ, ಮೂಲ ಪಿನ್ ಇರೋ ಪ್ರತಿಯೇ ಬೇಕು ಅನ್ನೋರು ಇದ್ದಾರೆ. ನೀವೇ ಇಟ್ಕೊಳ್ಳೋ ಪ್ರತಿಗೆ ಪಿನ್ ತೆಗೆದು ಹತ್ತಿ ದಾರದ ಹೊಲಿಗೆ ಹಾಕಿ. ಪ್ರತಿ ಸಂಚಿಕೆಯದೂ ಎರಡು ಪ್ರತಿ ಯಾರು ಎಷ್ಟು ಕೊಡ್ತೀನಂದ್ರೂ ಕೊಡಬೇಡಿ.

ಸ್ಥಿತಿ ಹೇಳೋಕೆ ಹೊರದೇಶದ ಕಾಮಿಕ್ಸ್ ವ್ಯಾಪಾರದಲ್ಲಿ ಮಿಂಟ್, ಫೈನ್, ಗುಡ್ ಅಂತ ಶ್ರೇಣಿ ಇದೆ. ಅಲ್ಲಿ "ಗುಡ್" ಅಂದ್ರೆ ಸಾಕಷ್ಟು ಸವೆದದ್ದು ಅಂತ ಅರ್ಥ, ನಮ್ಮ ಗಿರಾಕಿಗೆ ಅದು ಹೊಳೆಯೋದೇ ಇಲ್ಲ. ನಾನು ನೇರವಾಗಿ ಬರೆಯೋದು: "ಓದದ ಪ್ರತಿ", "ಓದಿದ ಗುರುತಿದೆ", "ಅಂಚು ಹಳದಿಯಾಗಿದೆ", "5ನೇ ಪುಟದಲ್ಲಿ ಚಹಾ ಕಲೆ". ಕಲೆಯ ಫೋಟೋವನ್ನ ಮೊದಲು ಹಾಕಿ. ಅದನ್ನ ನೋಡಿಯೂ ಕೊಂಡೋರು ವಾಪಸ್ ಕಳಿಸಲ್ಲ.

ಬೇರೆಯವರ ಹಳೇ ಕಾಮಿಕ್ಸೂ ಇದರ ಜೊತೆ ಬರುತ್ತೆ. ಮನೆ ಖಾಲಿ ಮಾಡೋರು ರದ್ದಿ ಅಂಗಡಿಗೆ ಹಾಕಿದ ಇಂದ್ರಜಾಲ ಕಾಮಿಕ್ಸು (1964ರಿಂದ 1990ರ ತನಕ ಬಂತು, ಕನ್ನಡದಲ್ಲೂ ಇತ್ತು), ಅಮರ ಚಿತ್ರಕಥೆಯ ಹಳೇ ಕನ್ನಡ ಪ್ರತಿಗಳು, 1942ರಿಂದ 1967ರ ತನಕ ನಡೆದ ಹಾಸ್ಯಪತ್ರಿಕೆ ಕೊರವಂಜಿಯ ಬಿಡಿ ಸಂಚಿಕೆಗಳು. ಆರ್.ಕೆ. ಲಕ್ಷ್ಮಣ್ ಶುರುವಿನಲ್ಲಿ ಕೊರವಂಜಿಗೆ ಬರೀತಿದ್ದರು, ಅವರ ಗೆರೆ ಇರೋ ಸಂಚಿಕೆ ಸಿಕ್ಕರೆ ಕೈಯಿಂದ ಬಿಡಬೇಡಿ. ನ್ಯಾಯವಾಗಿ ಕೊಂಡ ಹಳೇ ಪುಸ್ತಕ ಮಾರೋಕೆ ಯಾರ ಅಪ್ಪಣೆಯೂ ಬೇಡ. ಅದನ್ನ ಸ್ಕ್ಯಾನ್ ಮಾಡಿ ಪಿಡಿಎಫ್ ಮಾರೋದು, ಜೆರಾಕ್ಸ್ ತೆಗೆದು "ಅಪರೂಪದ್ದು" ಅಂತ ಮಾರೋದು ಕಳ್ಳತನ. ನಮ್ಮ ಪುಸ್ತಕಕ್ಕೆ ಯಾರಾದರೂ ಹಂಗೆ ಮಾಡಿದರೆ ಹೊಟ್ಟೆ ಉರಿಯಲ್ವಾ?

ಗಿರಾಕಿ ಎಲ್ಲಿದ್ದಾರೆ, ದುಡ್ಡು ಹೇಗೆ ಬರುತ್ತೆ

ಮುಕ್ಕಾಲು ಪಾಲು ವ್ಯಾಪಾರ ಇನ್‌ಸ್ಟಾಗ್ರಾಮ್ ಮತ್ತು ವಾಟ್ಸಾಪ್ ಸ್ಟೇಟಸ್ಸಲ್ಲಿ. ಬೆಳಗ್ಗೆ ಹತ್ತರ ಹೊತ್ತಿಗೆ ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೀರಿ. ಪಕ್ಕದಲ್ಲಿ ಒಂದು ಸ್ಕೇಲು ಇಡಿ, ಅಳತೆ ತಾನಾಗೇ ಗೊತ್ತಾಗುತ್ತೆ. ಬೆಲೆ ಬರೆದೇ ಹಾಕಿ. "ಇನ್‌ಬಾಕ್ಸಿಗೆ ಬನ್ನಿ" ಅಂದ್ರೆ ಮುಖ ನೋಡಿ ರೇಟು ಹೇಳ್ತಾರೆ ಅಂದ್ಕೊಳ್ತಾರೆ. ಇಬ್ಬರು ಒಟ್ಟಿಗೆ ಕೇಳಿದರೆ ಮೊದಲು ದುಡ್ಡು ಹಾಕಿದವರಿಗೆ, ಮೊದಲು "ಬೇಕು" ಅಂದವರಿಗಲ್ಲ. ಇದನ್ನ ಮೇಲೇ ಬರೆದು ಹಾಕಿದರೆ ಜಗಳ ಇಲ್ಲ.

ಯುಪಿಐ ವಿಷಯದಲ್ಲಿ ಎರಡು ಎಚ್ಚರ. ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಕಳಿಸಿದರೆ ಅದನ್ನ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆ ತೆಗೆದು ನೋಡಿ, ಬಂದಿದ್ದರೆ ಮಾತ್ರ ಪಾರ್ಸೆಲ್ ಕಟ್ಟಿ. ದುಡ್ಡು ಪಡೆಯೋಕೆ ಪಿನ್ ಒತ್ತಬೇಕಾಗಿಲ್ಲ. "ಒತ್ತಿ, ನಿಮಗೆ ಬರುತ್ತೆ" ಅಂದೋರು ಕಳ್ಳರು.

ಮುಖಾಮುಖಿ ಮಾರೋಕೆ ಬೆಂಗಳೂರಿನ ಚಿತ್ರಸಂತೆಯಷ್ಟು ದೊಡ್ಡದು ಇನ್ನೊಂದಿಲ್ಲ. ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಸ್ತಾರೆ. ಮಳಿಗೆಗೆ ತಿಂಗಳುಗಳ ಮುಂಚೆ ಅರ್ಜಿ ಹಾಕಬೇಕು. ಅಲ್ಲಿ ಬಣ್ಣದ ದೊಡ್ಡ ಕ್ಯಾನ್ವಾಸ್‌ಗಳ ನಡುವೆ ಕಪ್ಪು ಬಿಳುಪಿನ ಸಣ್ಣ ಹಾಳೆ ಕಣ್ಣಿಗೆ ಬೀಳಲ್ಲ ಅಂತ ಹೆದರಬೇಡಿ. ಜನ ನಗೋ ಸದ್ದು ಕೇಳಿದ ಕಡೆ ಜನ ಸೇರ್ತಾರೆ. ಸ್ಥಳದಲ್ಲೇ ಕ್ಯಾರಿಕೇಚರ್ ಬರೆದುಕೊಡೋ ತಾಕತ್ತಿದ್ದರೆ ಒರಿಜಿನಲ್‌ಗಿಂತ ಅದರಲ್ಲೇ ಹೆಚ್ಚು ದುಡ್ಡು, ಕೈ ಬಿದ್ದುಹೋಗುತ್ತೆ ಅಷ್ಟೇ. ಕಾಮಿಕ್ಸ್ ಮಾಡೋರು ಸ್ವಂತ ಪುಸ್ತಕ ಮಾರೋ ಇಂಡೀ ಕಾಮಿಕ್ಸ್ ಫೆಸ್ಟ್ ಮೇಲೂ ಕಣ್ಣಿಡಿ, ಜೆರಾಕ್ಸ್ ಪುಸ್ತಕಕ್ಕೆ ಅಲ್ಲಿ ಸಿಗೋ ಗೌರವ ಬೇರೆ ಕಡೆ ಸಿಗಲ್ಲ. ಊರಲ್ಲಾದರೆ ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆ ಸಾಲು. ಕಟ್ಟು ಹಾಕೋ ಫ್ರೇಮ್ ಅಂಗಡಿಯವರ ಸ್ನೇಹ ಇಟ್ಕೊಳ್ಳಿ, ಅವರ ಗೋಡೆ ಮೇಲೆ ನಿಮ್ಮದೊಂದು ಚಿತ್ರ ತೂಗ್ತಿದ್ದರೆ ಬಾಡಿಗೆ ಇಲ್ಲದ ಅಂಗಡಿ.

ಕಟ್ಟಿ ಕಳಿಸೋದು

ಒರಿಜಿನಲ್ಲನ್ನ ಸುತ್ತಿ ಕಳಿಸಬೇಡಿ, ವೈಟ್ನರ್ ಬಳಿದ ಕಡೆ ಬಿರುಕು ಬಿಟ್ಟು ಉದುರುತ್ತೆ. ಬಟರ್ ಪೇಪರ್ ಹೊದಿಸಿ, ಪಿಪಿ ಕವರಿಗೆ ಹಾಕಿ, ಹಿಂದೆ ಮುಂದೆ ಹಾಳೆಗಿಂತ ಎರಡು ಬೆರಳು ದೊಡ್ಡದಾದ ರಟ್ಟು ಕೊಡಿ. ಬಾಕ್ಸಿನ ರಟ್ಟು ಬಳಸೋದಾದರೆ ಒಂದರ ಗೆರೆ ಅಡ್ಡ, ಇನ್ನೊಂದರದ್ದು ಉದ್ದ ಬರೋ ಹಾಗೆ ಜೋಡಿಸಿ, ಆಗ ಯಾವ ಕಡೆಗೂ ಮಡಿಯಲ್ಲ. ಒಳಕವರನ್ನ ಒಂದು ರಟ್ಟಿಗೆ ಅಂಟಿಸಿ, ಇಲ್ಲದಿದ್ದರೆ ಒಳಗೆ ಜಾರಾಡಿ ಮೂಲೆ ಮುದುಡುತ್ತೆ. ಮೇಲೆ ಪೂರ್ತಿ ಪ್ಲಾಸ್ಟಿಕ್. "ಮಡಚಬೇಡಿ" ಅಂತ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೀರಿ. ಗಾಜಿನ ಕಟ್ಟು ಹಾಕಿದ್ದನ್ನ ಪೋಸ್ಟಿಗೆ ಕೊಡಲೇಬೇಡಿ. ಕಟ್ಟು ಬೇಕಂದ್ರೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿ, ಅದನ್ನ ಬಸ್ ಪಾರ್ಸೆಲ್ಲಿಗೆ ಕೊಡಿ. ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಇದೆ.

ಒರಿಜಿನಲ್‌ಗೆ ಸ್ಪೀಡ್ ಪೋಸ್ಟ್, ವಿಮೆ ಸಮೇತ. ಕಾಮಿಕ್ಸ್ ಕಳಿಸೋಕೆ ನೋಂದಾಯಿತ ಬುಕ್ ಪೋಸ್ಟ್ ಅಂತ ಅಗ್ಗದ ದಾರಿ ಇತ್ತು, 2024ರ ಡಿಸೆಂಬರಲ್ಲಿ ನಿಂತೋಯ್ತು. ಸಣ್ಣ ಪ್ರಕಾಶಕರೆಲ್ಲ ಕೂಗಾಡಿದರು. 2025ರ ಮೇಯಿಂದ ಅಂಚೆ ಇಲಾಖೆ ಜ್ಞಾನ ಪೋಸ್ಟ್ ಅಂತ ಶುರು ಮಾಡಿದೆ: 300 ಗ್ರಾಂ ತನಕ 20 ರೂಪಾಯಿಂದ ಶುರು, 5 ಕೆ.ಜಿ.ಗೆ 100, ಜೊತೆಗೆ ತೆರಿಗೆ. ಅದು ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಮಾತ್ರ. ಜಾಹೀರಾತು ಇದ್ದರೆ, ನಿಯತಕಾಲಿಕ ಆದರೆ ಆಗಲ್ಲ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು. ಜೆರಾಕ್ಸ್ ಕಾಮಿಕ್ಸ್ ಮಾಡೋರು ಇಲ್ಲೇ ಸಿಕ್ಕಿಬೀಳೋದು, ಹೆಸರೇ ಹಾಕಿರಲ್ಲ. ಮುಂದಿನ ಪುಸ್ತಕದ ಎರಡನೇ ಪುಟದಲ್ಲಿ ಪ್ರಕಾಶಕರು, ಊರು, ವರ್ಷ, ಎಷ್ಟನೇ ಮುದ್ರಣ, ಬೆಲೆ, ಹಕ್ಕು ಕಲಾವಿದರದ್ದು ಅನ್ನೋ ಸಾಲು ಇಷ್ಟನ್ನೂ ಹಾಕಿ. ಕೌಂಟರಲ್ಲಿ ಕೂತೋರಿಗೆ ಕಾಮಿಕ್ಸು ಪುಸ್ತಕ ಹೌದೋ ಅಲ್ವೋ ಅಂತ ಅನುಮಾನ ಬಂದರೆ ಜಗಳ ಆಡಬೇಡಿ. ಒಂದು ಪ್ರತಿ ಕೈಗೆ ಕೊಟ್ಟು ಓದೋಕೆ ಬಿಡಿ, ಹಿಂದೆ ಸಾಲಲ್ಲಿ ನಿಂತೋರು ಬೈದರೂ ಪರವಾಗಿಲ್ಲ.

ಇನ್ನು ತೆರಿಗೆ. ವರ್ಷದ ವಹಿವಾಟು ಸಣ್ಣದಿದ್ದರೂ ಹೊರರಾಜ್ಯಕ್ಕೆ ಮಾರೋಕೆ, ಆನ್‌ಲೈನ್ ಅಂಗಡಿಗಳ ಮೂಲಕ ಮಾರೋಕೆ ಜಿಎಸ್‌ಟಿಯಲ್ಲಿ ಬೇರೆ ನಿಯಮಗಳಿವೆ, ಚಿತ್ರಕ್ಕೂ ಪುಸ್ತಕಕ್ಕೂ ಲೆಕ್ಕ ಬೇರೆ ಬೇರೆ. ಖಾತೆ ಪುಸ್ತಕ ತಗೊಂಡು ಆಡಿಟರ್ ಹತ್ರ ಒಂದು ಸಲ ಕೂತುಬನ್ನಿ. ನಮ್ಮ ಆಡಿಟರು ಫೀಸಿನ ಬದಲು ಅವರದೇ ಕ್ಯಾರಿಕೇಚರ್ ಕೇಳಿದರು. ಬರೆದುಕೊಟ್ಟೆ, ಹಕ್ಕು ನನ್ನದೇ ಅಂತ ಒಂದು ಸಾಲು ಸಹಿ ಹಾಕಿಸ್ಕೊಂಡು.